ಐದು ಸೀಟು, ಎಂಟು ಮಂದಿ

ಶಾಹೀನ್ ಮುಲ್ಲಾ ಆ ತಪ್ಪು ಮಾಡಿರಲಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಏಕೆಂದರೆ ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ. ನಾವು ದುಡಿದ ಕಂಪನಿಯ ದಾಖಲೆಯಲ್ಲಿ ಇವತ್ತಿಗೂ ಆ ತಪ್ಪಿನ ಮುಂದೆ ಆಕೆಯ ಹೆಸರೇ ಇದೆ. ಆ ದಾಖಲೆಗೆ ಯಾರು ಕೈ ಹಾಕಬೇಕು, ಯಾರು ಹಾಕಬಾರದು ಎಂದು ಹನ್ನೊಂದು ವರ್ಷ ನಿರ್ಧರಿಸಿದವನು ನಾನು.

ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಬಂದು, "ಅಡ್ಮಿನ್ ಅಂದ್ರ ಏನ್ ಕೆಲಸಾರಿ ಸರ್?" ಎಂದು ಕೇಳುತ್ತಾರೆ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುಗೆಯ ದಿನ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬೇಡ. ಶಾಲು ಕಪಾಟಿನಲ್ಲಿದೆ, ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಎಲ್ಲಿಂದ ಬಂತು ಎಂಬುದನ್ನಷ್ಟೇ ಹೇಳುತ್ತೇನೆ.

ನಮ್ಮ ಆಫೀಸು ವಿಜಯಪುರದಲ್ಲಿ, ಬಾಂಡೆ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಕೊಡ ಬಡಿಯುವ ಸದ್ದು, ಮೇಲೆ ಕೀಬೋರ್ಡಿನ ಸದ್ದು. ನಾವು ಶೈತ್ಯಾಗಾರಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಟಿಕೋಟಾ, ಬಬಲೇಶ್ವರ ಕಡೆಯ ರೈತರು ಒಣದ್ರಾಕ್ಷಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಮಣೂಕವನ್ನು, ಬಾಕ್ಸು ಮಾಡಿ ಶೈತ್ಯಾಗಾರದಲ್ಲಿ ಇಡುತ್ತಾರಲ್ಲ, ಯಾರ ಬಾಕ್ಸು ಯಾವ ಕೋಣೆಯಲ್ಲಿದೆ, ಆ ಕೋಣೆ ಎಷ್ಟು ತಂಪಾಗಿದೆ ಎಂದು ತೋರಿಸುವುದು ಅದರ ಕೆಲಸ. ಕೋಣೆ ಬಿಸಿಯಾದರೆ ಉಸ್ತುವಾರಿ ನೋಡುವವರ ಫೋನಿಗೆ ಕೂಡಲೇ ಸಂದೇಶ ಹೋಗಬೇಕು. ಆ ಒಂದು ಸಂದೇಶದ ಮೇಲೆ ನಂಬಿಕೆಯಿಟ್ಟು ಜನ ವರ್ಷದ ಬೆಳೆಯನ್ನು ಕತ್ತಲೆ ಕೋಣೆಗೆ ಒಪ್ಪಿಸಿ ಮನೆಗೆ ಹೋಗುತ್ತಿದ್ದರು.

ಮೊದಮೊದಲು ನಮ್ಮ ಕೋಡ್ ಎಲ್ಲ ಇದ್ದದ್ದು ಪೆನ್‌ಡ್ರೈವಿನಲ್ಲಿ. ಅಂಗಿಯ ಜೇಬಿನಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಬಬಲೇಶ್ವರಕ್ಕೆ ಹೋಗಿ, ಅಲ್ಲಿಯ ಕಂಪ್ಯೂಟರಿಗೆ ಹಾಕಿ ಬರುವುದು. ಒಂದು ಕಡತದ ಹೆಸರು 'ಫೈನಲ್', ಇನ್ನೊಂದು 'ಹೊಸ ಫೈನಲ್', ಮತ್ತೊಂದು 'ಖರೇ ಫೈನಲ್'. ಒಮ್ಮೆ ನಾನೇ ಜೇಬಿನಲ್ಲಿ ಪೆನ್‌ಡ್ರೈವ್ ಬಿಟ್ಟು ಅಂಗಿಯನ್ನು ಒಗೆಯಲು ಹಾಕಿದ್ದೆ. ಹೆಂಡತಿ ಅದನ್ನು ಹಿಂಡಿ, ಅಂಗಿಯ ಪಕ್ಕದಲ್ಲೇ ಬಿಸಿಲಿಗೆ ಹಾಕಿದ್ದಳು. ಮೂರು ವಾರದ ಕೆಲಸ ಸಾಬೂನಿನ ನೀರಿನಲ್ಲಿ ಹೋಯಿತು.

ಆಮೇಲೆ ಇಂಟರ್‌ನೆಟ್ಟಿನಲ್ಲಿ ಕೋಡ್ ಇಡುವ ಪದ್ಧತಿ ಬಂತು. ಹುಡುಗರು ಅದಕ್ಕೆ ರೆಪೋ ಎನ್ನುತ್ತಿದ್ದರು. ನಮ್ಮದು ಖಾಸಗಿ ರೆಪೋ, ಅಂದರೆ ಹೆಸರು ಸೇರಿಸಿದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಯಾರು ಯಾವ ದಿನ ಯಾವ ಸಾಲು ಬದಲಿಸಿದರು ಎಂಬುದು ಹೆಸರು ಸಮೇತ ದಾಖಲಾಗುತ್ತದೆ. ಇದು ಬಂದಾಗ ನನಗಾದಷ್ಟು ಸಂತೋಷ ಮತ್ತ್ಯಾರಿಗೂ ಆಗಿರಲಿಕ್ಕಿಲ್ಲ. ಇನ್ನು ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಬರುವುದಿಲ್ಲ ಎಂದುಕೊಂಡಿದ್ದೆ.

ಆದರೆ ರೆಪೋ ಇಡಲು ಜಾಗ ಕೊಡುವ ಸೇವೆಯವರು ಐದು ಮಂದಿಗೆ ಮಾತ್ರ, ಒಬ್ಬರಿಗೆ ಒಂದು ಸೀಟಿನಂತೆ, ಪುಕ್ಕಟೆ ಕೊಡುತ್ತಿದ್ದರು. ಆರನೆಯವನು ಬಂದರೆ ದುಡ್ಡು ಕೊಟ್ಟು ದೊಡ್ಡ ಪ್ಲಾನ್ ತೆಗೆದುಕೊಳ್ಳಬೇಕು. ಅವರ ಲೆಕ್ಕದಲ್ಲಿ ಬರೆಯುವವನೂ ಒಬ್ಬ, ಬರೀ ಇಣುಕಿ ನೋಡುವವನೂ ಒಬ್ಬ. ನಾವಿದ್ದದ್ದು ಎಂಟು ಮಂದಿ. ಮಾಲಕರಿಗೆ ಹೇಳಿದೆ. ಅವರು ನನಗಿಂತ ಚಿಕ್ಕವರು, ಕನ್ನಡಕ ಹಣೆಗೇರಿಸಿ ನಕ್ಕರು.

"ಕುಂಬಾರ್ರ, ಐದು ಮಂದಿಗೆ ಪುಕ್ಕಟ ಐತಲ್ಲ, ಅದರಾಗ ಹೊಂದಿಸ್ರಿ. ಬಸ್ಸಿನ್ಯಾಗ ಮೂರು ಮಂದಿ ಸೀಟಿನ್ಯಾಗ ನಾಕು ಮಂದಿ ಕೂಡಾಂಗಿಲ್ಲೇನು?"

"ಸಾಹೇಬ್ರ, ಬಸ್ಸಿನ್ಯಾಗ ಕೂತವ್ರು ಯಾರು ಅಂತ ಕಣ್ಣಿಗೆ ಕಾಣಸ್ತಾರ್ರಿ. ಇದರಾಗ ಹಂಗ ಕಾಣಸೂದಿಲ್ಲ," ಎಂದೆ.

"ನೀವು ಇದ್ದೀರಲ್ಲ ನೋಡಾಕ," ಎಂದು ಅವರು ಮಾತು ಮುಗಿಸಿದರು.

ಹೀಗೆ ಐದು ಸೀಟುಗಳನ್ನು ಹಂಚುವುದೇ ನನ್ನ ಉದ್ಯೋಗವಾಯಿತು. ಮೊದಲ ಸೀಟು ಮಾಲಕರಿಗೆ. ಅವರು ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ಬಿಟ್ಟರೆ ಅದನ್ನು ತೆರೆದು ನೋಡಲಿಲ್ಲ. ಬಿಟ್ಟುಕೊಡಿ ಎಂದು ಕೇಳಿದ್ದಕ್ಕೆ, "ಮಾಲಕನ ಹೆಸರ ಇಲ್ಲಂದ್ರ ಅದು ಯಾರ ಕಂಪನೀರೀ?" ಎಂದರು. ಎರಡನೆಯದು ಅವರ ಹೆಂಡತಿಯ ತಮ್ಮ ಸಂಜುಗೆ. ಅವನ ಕೆಲಸ ಗಿರಾಕಿಗಳನ್ನು ಕರೆತರುವುದು, ಕೋಡ್ ಬರೆಯುವುದಲ್ಲ. "ಸುಮ್ನ ನೋಡಾಕ ಇರ್ಲಿ ಬಿಡ್ರಿ ಕಾಕಾ," ಎನ್ನುತ್ತಿದ್ದ. ನೋಡಿದ್ದನ್ನು ನಾನು ಕಂಡಿಲ್ಲ. ಮೂರನೆಯದು ಅಡ್ಮಿನ್ ಆದ ನನಗೆ, ಅದನ್ನು ತೆಗೆಯಲು ಬರುವುದಿಲ್ಲ. ಉಳಿದದ್ದು ಎರಡು. ನಿಜವಾಗಿ ಕೋಡ್ ಬರೆಯುವವರು ಐವರು. ಹೊಲದಲ್ಲಿ ದುಡಿಯುವವರೆಲ್ಲ ಬದುವಿನ ಮೇಲೆ, ನೋಡಲು ಬಂದವರು ನೆರಳಿನಲ್ಲಿ!

ಆ ಐವರಲ್ಲಿ ಶಾಹೀನ್ ಒಬ್ಬಳು. ಕಳ್ಳಕವಟಗಿಯ ಹುಡುಗಿ. ತಂದೆಗೆ ಹೊಲಿಗೆ ಅಂಗಡಿಯಿತ್ತು. ಇಂಜಿನಿಯರಿಂಗ್ ಓದಿರಲಿಲ್ಲ, ಬಿ.ಎಸ್ಸಿ. ಮಾಡಿ ಬಂದಿದ್ದಳು. ಬಂದ ಆರು ತಿಂಗಳಿಗೆ, ಕೋಣೆ ಬಿಸಿಯಾದರೆ ಫೋನಿಗೆ ಸಂದೇಶ ಹೋಗುವ ಭಾಗವನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದವಳು ಆಕೆಯೇ. ಕೋಡ್ ಬರೆದು ಮುಗಿದ ಮೇಲೆ ಟಂಟಂ ಆಟೋ ಹತ್ತಿ ಟಿಕೋಟಾಕ್ಕೆ ಹೋಗಿ, ಶೈತ್ಯಾಗಾರದ ಬಾಗಿಲನ್ನು ಬೇಕೆಂದೇ ತೆರೆದಿಟ್ಟು, ಸಂದೇಶ ಬರುವವರೆಗೂ ಅಲ್ಲೇ ನಿಂತು ಬರುತ್ತಿದ್ದಳು. ಹಾಗೆ ಹೋಗೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಎರಡು ಸೀಟಿನಲ್ಲಿ ಐವರನ್ನು ಕೂರಿಸಲು ನಾನು ಪಾಳಿ ಮಾಡಿದೆ. ಸೋಮವಾರ ಬೆಳಿಗ್ಗೆ ಇಬ್ಬರ ಹೆಸರು ತೆಗೆದು ಬೇರೆ ಇಬ್ಬರ ಹೆಸರು ಹಾಕುವುದು. ಒಂದು ಸೋಮವಾರ ಹನ್ನೊಂದರ ಸುಮಾರಿಗೆ ಶಾಹೀನಳ ಫೋನು ಬಂತು.

"ಸರ್, ನಾ ಟಿಕೋಟಾದಾಗ ಕೋಲ್ಡ್ ಸ್ಟೋರೇಜ್ ಒಳಗ ನಿಂತೇನ್ರಿ. ಲಾಗಿನ್ ಆಗವಲ್ದು. ನನ್ನ ಹೆಸರು ತಗದೀರೇನ್ರಿ?"

"ಇವತ್ತ ಸೋಮವಾರ ಅಲ್ಲೇನ್ ತಂಗಿ, ನಿನ್ನ ಪಾಳಿ ಮುಗೀತು."

"ಪಾಳಿ ಮುಗದೇತ್ರಿ, ಕೆಲಸ ಮುಗದಿಲ್ಲ. ಇಲ್ಲಿ ಥಂಡಿಗೆ ಹಲ್ಲ ಕಡಕಡ ಅನ್ನಾಕತ್ತಾವ. ಲಗೂನ ಹಾಕ್ರಿ!"

ಗಡಿಬಿಡಿಯಲ್ಲಿ ನಾನು ಯಾರನ್ನೂ ತೆಗೆಯದೆ ಆಕೆಯನ್ನು ಸೇರಿಸಿಬಿಟ್ಟೆ. ಲೆಕ್ಕ ಆರಕ್ಕೆ ಹೋಯಿತು. ಕೂಡಲೇ ಆ ಸೇವೆಯವರ ಯಂತ್ರ ಇಡೀ ರೆಪೋಗೆ ಬೀಗ ಜಡಿಯಿತು. ಓದಬಹುದು, ಒಂದಕ್ಷರ ಬದಲಿಸುವಂತಿಲ್ಲ. ಟಿಕೋಟಾದಲ್ಲಿ ಶಾಹೀನ್ ನಿಂತಳು, ಬಬಲೇಶ್ವರದಲ್ಲಿ ಹೊಸ ಶೈತ್ಯಾಗಾರಕ್ಕೆ ಸಾಫ್ಟ್‌ವೇರ್ ಹಾಕಲು ಹೋದ ಇನ್ನಿಬ್ಬರೂ ನಿಂತರು. ಒಬ್ಬ ಮನುಷ್ಯ ಹೆಚ್ಚಾದ ಎಂಬ ಕಾರಣಕ್ಕೆ ಎಲ್ಲರ ಕೈ ಕಟ್ಟುವ ನಿಯಮವನ್ನು ಯಾವ ಪುಣ್ಯಾತ್ಮ ಬರೆದನೋ, ಅವನು ಒಮ್ಮೆ ನಮ್ಮ ಕೋಲ್ಡಿನಲ್ಲಿ ಅರ್ಧ ತಾಸು ನಿಲ್ಲಬೇಕಿತ್ತು. ಪಟ್ಟಿಯನ್ನು ಮತ್ತೆ ಐದಕ್ಕೆ ಇಳಿಸಿ, ಬೀಗ ತೆಗೆಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಅದೇ ದಿನ ಪಟ್ಟಿ ನೋಡುವಾಗ ನನಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಉಳಿದ ಎರಡು ಸೀಟುಗಳಲ್ಲಿ ಒಂದರಲ್ಲಿ ಮಲ್ಲು ಎಂಬವನ ಹೆಸರಿತ್ತು. ಅವನು ಕೆಲಸ ಬಿಟ್ಟು, ಬಾಗಲಕೋಟೆಯಲ್ಲಿ ಮೊಬೈಲ್ ಅಂಗಡಿಯಿಟ್ಟು ಎಂಟು ತಿಂಗಳಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಅಡ್ಡಹೆಸರಿನ ಲಾಗಿನ್ ಇದ್ದುದರಿಂದ ಅದು ಅವನದೆಂದು ನಾನು ಗಮನಿಸಿರಲೇ ಇಲ್ಲ. ಅಂದರೆ ಎಂಟು ತಿಂಗಳು ಐವರೂ ಒಂದೇ ಸೀಟಿಗಾಗಿ ಸರದಿ ಕಾದಿದ್ದರು. ಒಬ್ಬರ ಹೆಸರು ಹಾಕುತ್ತಲೇ ಲೆಕ್ಕ ಐದು ತುಂಬುತ್ತಿದ್ದುದರಿಂದ ನಾನು ಇನ್ನೊಬ್ಬರ ಹೆಸರು ಹಾಕುತ್ತಿರಲಿಲ್ಲ; ಯಾಕೆ ಹೀಗೆ ಎಂದು ಯೋಚಿಸದೆ ಯಂತ್ರದ ಮೇಲೆ ಗೊಣಗಿ ಸುಮ್ಮನಾಗಿದ್ದೆ. ಮಲ್ಲುಗೆ ಫೋನು ಮಾಡಿದೆ.

"ಹೌದ್ರಿ ಸರ್, ಯಾರ್ ಏನ್ ಬದಲಿ ಮಾಡ್ಯಾರ ಅಂತ ದಿನಾ ನನಗ ಮೇಲ್ ಬರ್ತಾವ್ರಿ," ಎಂದ. "ನೀವ ಪ್ರೀತಿಲೆ ಇಟ್ಟೀರಿ ಅಂತ ನಾ ತಿಳ್ಕೊಂಡಿದ್ದೆ."

ಕಿರಿಯರೇ, ಇದನ್ನು ಗಟ್ಟಿಯಾಗಿ ನೆನಪಿಡಿ. ಕೆಲಸ ಬಿಟ್ಟವರ ಹೆಸರನ್ನು ಅವರು ಮೆಟ್ಟಿಲು ಇಳಿಯುವ ಮೊದಲು ತೆಗೆಯಿರಿ. ಮಲ್ಲು ಒಳ್ಳೆಯವನಾದ್ದರಿಂದ ನನ್ನ ಮಾನ ಉಳಿಯಿತು.

ಇಷ್ಟೆಲ್ಲ ಆದ ಮೇಲೆ ನಾನು ಜಾಣನಾದೆ ಎಂದುಕೊಂಡು, ದೊಡ್ಡ ಮೂರ್ಖತನಕ್ಕೆ ಕೈ ಹಾಕಿದೆ. ಇನ್ನು ಹೆಸರು ಹಾಕುವ, ತೆಗೆಯುವ ಉಸಾಬರಿಯೇ ಬೇಡ. ಒಂದು ಸೀಟು ಶಾಹೀನಳಿಗೆ ಕಾಯಂ, ಇನ್ನೊಂದು ಉಳಿದ ನಾಲ್ವರಲ್ಲಿ ಹಿರಿಯನಿಗೆ ಕಾಯಂ. ಬೇರೆ ಯಾರಿಗಾದರೂ ಕೆಲಸವಿದ್ದರೆ ಸೀಟು ಇರುವ ಈ ಇಬ್ಬರ ಕಂಪ್ಯೂಟರಿನಲ್ಲಿ ಕೂತು, ಇವರದೇ ಲಾಗಿನ್‌ನಿಂದ ಮಾಡಿಕೊಳ್ಳಲಿ. ಎಲ್ಲರಿಗೂ ಇದು ಹಿಡಿಸಿತು. ಶಾಹೀನ್ ಒಬ್ಬಳೇ ತಕರಾರು ತೆಗೆದಳು.

"ಸರ್, ಯಾರ್ ಬರದ್ರೂ ನನ್ನ ಹೆಸರ ಬರತೇತ್ರಿ."

"ಬರ್ಲಿ ಬಿಡ ತಂಗಿ. ನಾವೆಲ್ಲಾ ಒಂದ ಮನಿ ಮಂದಿ ಅಲ್ಲೇನು," ಎಂದೆ.

ಒಂದೇ ಮನೆಯ ಮಂದಿ! ಆ ಮಾತನ್ನು ಆಡಿದವನು ನಾನೇ.

ಆ ವರ್ಷ ಶಾಹೀನಳ ತಂಗಿಯ ನಿಕಾಹ್ ಕಳ್ಳಕವಟಗಿಯಲ್ಲಿ ಇತ್ತು. ಆಕೆ ಶುಕ್ರವಾರ, ಶನಿವಾರ ರಜೆ ಹಾಕಿ ಹೋದಳು. ಶುಕ್ರವಾರ ಮಧ್ಯಾಹ್ನ ಸಂಜು ನನ್ನ ಬಳಿ ಬಂದ. ಜೈನಾಪುರದಿಂದ ಹೊಸ ಗಿರಾಕಿಗಳು ಬಂದಿದ್ದಾರೆ, ಕೋಣೆ ಬಿಸಿಯಾದರೆ ಸಂದೇಶ ಹೇಗೆ ಬರುತ್ತದೆ ಎಂದು ಅವರಿಗೆ ತೋರಿಸಬೇಕು ಎಂದ.

"ನಿನ್ನ ಲಾಗಿನ್‌ನ್ಯಾಗ ತೋರ್ಸು," ಎಂದೆ.

"ಅದರ ಪಾಸ್‌ವರ್ಡ್ ಯಾರಿಗ್ ನೆನಪೈತಿ ಕಾಕಾ? ಶಾಹೀನ್ ಇಲ್ಲಲ್ಲ, ಅಕಿ ಕಂಪ್ಯೂಟರ್ ಕೊಡ್ರಿ."

ಐವರಲ್ಲಿ ಮೂವರು ಸೀಟಿಲ್ಲದೆ ಅಲೆಯುತ್ತಿದ್ದ ಆಫೀಸಿನಲ್ಲಿ, ಇವನು ತನಗಿದ್ದ ಸೀಟಿನ ಪಾಸ್‌ವರ್ಡನ್ನೇ ಮರೆತಿದ್ದ! ನಾನು ಬೈಯಬೇಕಿತ್ತು. ಬೈಯಲಿಲ್ಲ, ಮಾಲಕರ ಮೈದುನ. ಎದ್ದು ಹೋಗಿ ಶಾಹೀನಳ ಕಂಪ್ಯೂಟರನ್ನು ನನ್ನ ಕೈಯಾರೆ ತೆರೆದುಕೊಟ್ಟೆ.

ಸಂದೇಶ ಹೋಗಬೇಕಾದ ಫೋನ್ ನಂಬರುಗಳು ಆಗ ಕೋಡಿನಲ್ಲೇ ಇರುತ್ತಿದ್ದವು. ಅದು ಕೆಟ್ಟ ಪದ್ಧತಿ ಎಂದು ಶಾಹೀನ್ ಎರಡು ಸಲ ಹೇಳಿದ್ದಳು, ಬದಲಿಸಲು ನಾವು ಆಕೆಗೆ ಸಮಯ ಕೊಟ್ಟಿರಲಿಲ್ಲ. ಸಂಜು ಟಿಕೋಟಾದ ಶೈತ್ಯಾಗಾರದ ನಂಬರುಗಳನ್ನು ಅಳಿಸಿ ತನ್ನ ನಂಬರು ಹಾಕಿದ. ಗಿರಾಕಿಗಳ ಎದುರು ಅವನ ಫೋನು ಟಿಣ್ ಎಂದಿತು, ಅವರಿಗೆ ಖುಷಿಯಾಯಿತು. ಎಲ್ಲರೂ ಚಹಾ ಕುಡಿಯಲು ಕೆಳಗೆ ಇಳಿದರು. ಹಳೆಯ ನಂಬರುಗಳನ್ನು ಮರಳಿ ಹಾಕುವುದನ್ನು ಅವನು ಮರೆತ. ಹಾಕಿದನೋ ಇಲ್ಲವೋ ಎಂದು ನೋಡುವುದನ್ನು ನಾನು ಮರೆತೆ.

ಭಾನುವಾರ ಟಿಕೋಟಾದ ಮೂರನೇ ಕೋಣೆಯ ಯಂತ್ರ ಕೆಟ್ಟಿತು. ಕೋಣೆ ಬಿಸಿಯಾಗುತ್ತಾ ಹೋಯಿತು. ಸಂದೇಶದ ಮೇಲೆ ಸಂದೇಶ ಹೋಯಿತು, ಎಲ್ಲವೂ ಸಂಜುವಿನ ಫೋನಿಗೆ. ಅವನು ಅವನ್ನು ಪೀಡೆ ಎಂದು ಮ್ಯೂಟ್ ಮಾಡಿಟ್ಟಿದ್ದ. ಸೋಮವಾರ ಬೆಳಿಗ್ಗೆ ಅಲ್ಲಿಯ ಉಸ್ತುವಾರಿ ಅಪ್ಪಾಸಾಹೇಬ ಬಾಗಿಲು ತೆರೆದು ಫೋನು ಮಾಡಿದ.

"ಮಣೂಕ ಎಲ್ಲಾ ಬೆವತಾವ್ರಿ. ಬಾಕ್ಸ್ ಕೈಗೆ ಅಂಟಾಕತ್ತಾವ. ನನಗ ಒಂದ ಮೆಸೇಜ್ ಬಂದಿಲ್ಲ, ಒಂದ! ಮಾಲು ಇಟ್ಟ ಘೋಣಸಗಿ ರೈತರು ಹೊರಗ ನಿಂತಾರ, ನಾ ಅವರಿಗೆ ಏನ್ ಮಾರಿ ತೋರಸ್ಲಿ?"

ಶಾಹೀನ್ ಆಗಷ್ಟೇ ಊರಿನಿಂದ ಬಂದಿದ್ದಳು. ಚೀಲವನ್ನೂ ಕೆಳಗಿಡದೆ ಕೂತು ನೋಡಿದಳು. ಹತ್ತು ನಿಮಿಷದಲ್ಲಿ ಎಲ್ಲಿ ಏನಾಗಿದೆ ಎಂದು ಹಿಡಿದಳು, ಹಳೆಯ ನಂಬರುಗಳನ್ನು ಹಾಕಿ ಸರಿಮಾಡಿದಳು, ದೂರು ಬಂದ ಮೇಲೆ ಮಾಡುವ ತಿದ್ದುಪಡಿಗೆ ಮಾತ್ರ ಅಡ್ಮಿನ್ ಒಪ್ಪಿಗೆ ಬೇಕಾದ್ದರಿಂದ ಅದನ್ನು ನನಗೆ ಕಳಿಸಿದಳು. ಆಮೇಲೆ ತಿರುಗಿ, "ಇದು ನನ್ನ ಹೆಸರಲೆ ಯಾರ ಮಾಡ್ಯಾರ್ರಿ ಸರ್?" ಎಂದು ಕೇಳಿದಳು. ನಾನು ಸಂಜುವಿನ ಕುರ್ಚಿಯ ಕಡೆ ನೋಡಿದೆ. ಆಕೆಗೆ ಅರ್ಥವಾಯಿತು.

ಸಂಜೆ ನಾಲ್ಕಕ್ಕೆ ಮಾಲಕರು ಎಲ್ಲರನ್ನೂ ಕರೆದರು. ಅಪ್ಪಾಸಾಹೇಬ ಇದ್ದ, ಘೋಣಸಗಿಯ ಇಬ್ಬರು ರೈತರಿದ್ದರು. ಸಂಜು ಇರಲಿಲ್ಲ, ಅವನನ್ನು ಯಾವುದೋ ಕೆಲಸಕ್ಕೆಂದು ಸೋಲಾಪುರಕ್ಕೆ ಕಳಿಸಲಾಗಿತ್ತು. ಮಾಲಕರು ದೊಡ್ಡ ಪರದೆಯಲ್ಲಿ ದಾಖಲೆ ತೆರೆದು ತೋರಿಸಿದರು.

"ನೋಡ್ರಿ, ಶುಕ್ರವಾರ ಮಧ್ಯಾಹ್ನ. ಹೆಸರು ಇಲ್ಲೇ ಐತಿ. ಶಾಹೀನ್ ಮುಲ್ಲಾ. ನಾವೇನೂ ಮುಚ್ಚಿ ಇಡೂದಿಲ್ಲ."

ಶಾಹೀನ್ ಎದ್ದು ನಿಂತಳು. ಎರಡೂ ಅಂಗೈಗಳನ್ನು ಅವರ ಮುಂದೆ ಚಾಚಿದಳು. ಮೊಣಕೈವರೆಗೂ ಮೆಹಂದಿ ಇನ್ನೂ ಕೆಂಪಾಗಿತ್ತು.

"ಶುಕ್ರವಾರ ಮಧ್ಯಾಹ್ನ ಈ ಕೈಗೆ ಮೆಹಂದಿ ಹಚ್ಚಾಕತ್ತಿದ್ರು ಸರ್. ನಾ ನೀರು ಕುಡೀಬೇಕಂದ್ರೂ ನಮ್ಮವ್ವ ಕುಡಿಸ್ಯಾಳ. ಈ ಕೈಲೆ ಕೀಬೋರ್ಡ್ ಒತ್ತೀನಿ ಅಂತೀರೇನ್ರಿ?"

ರೈತರಲ್ಲಿ ಹಿರಿಯರು ಆ ಕೈಗಳನ್ನು ನೋಡಿ, ಮಾಲಕರ ಕಡೆ ನೋಡಿದರು. ಆಗ ಮಾಲಕರು ನನ್ನ ಕಡೆ ತಿರುಗಿದರು.

"ಕುಂಬಾರ್ರ, ಸೀಟಿನ ವ್ಯವಸ್ಥಾ ನಿಮ್ದು. ಅಕಿ ಲಾಗಿನ್‌ನ್ಯಾಗ ಬ್ಯಾರೇದವ್ರು ಯಾರರೇ ಕುಂತಿದ್ರೇನು?"

ಹೌದು ಎಂದರೆ ಮುಗಿಯುತ್ತಿತ್ತು. ಒಂದೇ ಪದ. ಆದರೆ ಹೌದು ಎಂದರೆ ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ಕೂರುತ್ತಾರೆ ಎಂದು ಗಿರಾಕಿಗಳಿಗೆ ಗೊತ್ತಾಗುತ್ತದೆ, ಆ ಏರ್ಪಾಟು ಮಾಡಿದವನು ನಾನು ಎಂದು ಗೊತ್ತಾಗುತ್ತದೆ, ಸೇವೆಯವರ ನಿಯಮ ಮುರಿದದ್ದು ಹೊರಬೀಳುತ್ತದೆ. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಶಾಹೀನ್ ನನ್ನನ್ನೇ ನೋಡುತ್ತಿದ್ದಳು.

"ನೋಡಿ ಹೇಳ್ತೀನ್ರಿ ಸಾಹೇಬ್ರ," ಎಂದೆ.

ನೋಡುವುದು ಏನಿತ್ತು? ಕಂಪ್ಯೂಟರ್ ತೆರೆದುಕೊಟ್ಟ ಕೈ ನನ್ನದೇ. ಆಫೀಸುಗಳಲ್ಲಿ ಬದುಕಿದವರಿಗೆ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಅದು ಸುಳ್ಳಲ್ಲ, ನಿಜವೂ ಅಲ್ಲ, ಹೇಳಿದವನಿಗೆ ಏನೂ ಆಗುವುದಿಲ್ಲ. ಶಾಹೀನ್ ಕೈಗಳನ್ನು ಕೆಳಗಿಳಿಸಿ ಕೂತಳು.

ಎಲ್ಲರೂ ಹೋದ ಮೇಲೆ ನಾನು ಮಾಲಕರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಗೊತ್ತೈತ್ರಿ ನನಗ. ಮಂದಿ ಮುಂದ ಮನಿಯವನ ಹೆಸರು ಹೆಂಗ್ ಹೇಳ್ಲಿ? ಅಕಿ ಸಣ್ಣಾಕಿ, ಶಾಣ್ಯಾಕಿ. ಬ್ಯಾರೆ ಕಡೆ ಕೆಲಸ ಸಿಗತೇತಿ."

ಗೊತ್ತಿತ್ತು! ಗೊತ್ತಿದ್ದೇ ಪರದೆಯ ಮೇಲೆ ಆಕೆಯ ಹೆಸರನ್ನು ದೊಡ್ಡದು ಮಾಡಿ ತೋರಿಸಿದ್ದರು. ಸಂಜು ಮನೆಯವನು, ಹಾಗಾದರೆ ಆಕೆ ಯಾರು? ನನ್ನ ಬಾಯಿಗೆ ಬಂದ ಬೈಗುಳಗಳನ್ನೆಲ್ಲ ಅವತ್ತು ಮೆಟ್ಟಿಲು ಇಳಿಯುತ್ತಾ ಗೋಡೆಗೆ ಬೈದೆ. ಗೋಡೆಗೆ ಬೈಯುವುದರಲ್ಲಿ ನಾನು ಶೂರ.

ವಾರದೊಳಗೆ ಶಾಹೀನ್ ರಾಜೀನಾಮೆ ಕೊಟ್ಟಳು. ಕೊನೆಯ ದಿನ ನನ್ನ ಮೇಜಿನ ಬಳಿ ಬಂದು ನಿಂತು, "ನನ್ನ ಹೆಸರು ನಾ ಇದ್ದಾಗನ ತಗೀರಿ ಸರ್, ನಾ ನೋಡ್ಬೇಕು," ಎಂದಳು. ತೆಗೆದೆ. ನಿಜವಾಗಿ ತೆಗೆಯುವುದೇ ಎಂದು ಯಂತ್ರ ಎರಡು ಸಲ ಕೇಳಿತು. ಆಕೆ ಮೆಟ್ಟಿಲು ಇಳಿದ ಅರ್ಧ ತಾಸಿಗೆ ಮಾಲಕರು ಫೋನು ಮಾಡಿ, ಸೀಟು ಖಾಲಿಯಾಯಿತಲ್ಲ, ಸಂಜುವಿನ ಹಳೆಯ ಪಾಸ್‌ವರ್ಡ್ ಮರೆತಿದೆ, ಅವನಿಗೆ ಇದರಲ್ಲಿ ಹೊಸದು ಮಾಡಿಕೊಡಿ ಎಂದರು. ಮಾಡಿಕೊಟ್ಟೆ. ಇನ್ನೂ ಎರಡು ವರ್ಷ ಅಲ್ಲೇ ಕೂತು ಸಂಬಳ ತೆಗೆದುಕೊಂಡೆ, ಶಾಲು ಹೊದಿಸಿಕೊಂಡೆ.

ಕಳೆದ ತಿಂಗಳು ಬಬಲೇಶ್ವರಕ್ಕೆ ಒಂದು ಮದುವೆಗೆ ಹೋದವನು ಶಾಹೀನಳನ್ನು ಹುಡುಕಿಕೊಂಡು ಹೋದೆ. ಈಗ ಆಕೆ ಅಲ್ಲಿಯ ದ್ರಾಕ್ಷಿ ಬೆಳೆಗಾರರ ಸಂಘವೊಂದಕ್ಕೆ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾಳೆ. ನನ್ನನ್ನು ಕಂಡು ಎದ್ದು ಕುರ್ಚಿ ಕೊಟ್ಟಳು, ಚಹಾ ತರಿಸಿದಳು. ಅಷ್ಟು ಮರ್ಯಾದೆ ನನಗೆ ಬೇಕಿರಲಿಲ್ಲ.

"ತಪ್ಪಾತು ತಂಗಿ," ಎಂದೆ. "ಅವತ್ತ ನಾ ಹೇಳಬೇಕಿತ್ತು. ಈಗ ಎಲ್ಲಾ ಬರೀತೀನಿ."

"ಬರೀರಿ ಸರ್," ಎಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ.

ಮಾತು ಬದಲಿಸಲು, ಇಲ್ಲಿ ಎಷ್ಟು ಸೀಟಿವೆ ಎಂದು ಕೇಳಿದೆ.

"ಮೂರ ಅದಾವ್ರಿ. ಬರಿಯೂ ಮಂದಿ ಏಳು."

"ಹಂಗಾದ್ರ ಇಲ್ಲೂ ಅದ ಗತಿ. ಒಬ್ಬರ ಲಾಗಿನ್‌ನ್ಯಾಗ ಇನ್ನೊಬ್ಬರು…"

"ಇಲ್ರಿ," ಎಂದು ಆಕೆ ನಡುವೆಯೇ ತಡೆದಳು. "ಸೀಟಿಲ್ಲದವ್ರು ತಮ್ಮ ಕಂಪ್ಯೂಟರ್‌ನ್ಯಾಗ ಬರದ್ ನನಗ ಕಳಸ್ತಾರ. ನಾ ಓದಿ ಒಳಗ ಹಾಕ್ತೀನಿ. ಇಲ್ನೋಡ್ರಿ."

ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಪ್ರತಿಯೊಂದು ಬದಲಾವಣೆಯ ಮುಂದೆ ಎರಡು ಹೆಸರುಗಳಿದ್ದವು. ಬರೆದವರು ರೇಣುಕಾ, ಒಳಗೆ ಹಾಕಿದವರು ಶಾಹೀನ್. ಬರೆದವರು ಇಮಾಮ್, ಒಳಗೆ ಹಾಕಿದವರು ಶಾಹೀನ್. ಸಾಲು ಸಾಲಾಗಿ ಹಾಗೆಯೇ ಇತ್ತು.

"ಇದೇನು ಹೊಸಾದು ಬಂದೇತೇನು?" ಎಂದು ಕೇಳಿದೆ.

"ಹೊಸಾದಲ್ರಿ ಸರ್. ಮದಲಿಂದಾನೂ ಐತಿ. ಅವ್ರು ಮಿತಿ ಹಾಕಿದ್ದು ಸೀಟಿಗೆ ಅಷ್ಟ. ಹೆಸರಿಗೆ ಯಾರೂ ಮಿತಿ ಹಾಕಿಲ್ಲ."

ನಾನು ಆ ಎರಡೆರಡು ಹೆಸರುಗಳನ್ನು ಮತ್ತೆ ಮೇಲಿನಿಂದ ಓದಿದೆ. ಆಕೆ ಪರದೆಯನ್ನೇ ನೋಡುತ್ತಾ ಹೇಳಿದಳು:

"ಆ ಸೋಮವಾರ ನಾ ನಂಬರ್ ಸರಿ ಮಾಡಿ ನಿಮಗ ಕಳಿಸಿದ್ನೆಲ್ರಿ, ಅದಕ್ಕ ನಿಮ್ಮ ಒಪ್ಪಿಗಿ ಬೇಕಿತ್ತಲ್ರಿ. ಅಲ್ಲೆ ಕೆಳಗ ಟಿಪ್ಪಣಿ ಬರಿಯಾಕ ಜಾಗ ಇತ್ತು. ಶುಕ್ರವಾರದ್ದು ಶಾಹೀನ್ ಮಾಡಿದ್ದಲ್ಲ ಅಂತ ಒಂದ ಸಾಲು ಬರದಿದ್ರ ಅದು ಕಾಯಂ ಉಳೀತಿತ್ರಿ. ಮಾಲಕರಿಗೆ ಅಳಸಾಕೂ ಬರ್ತಿದ್ದಿಲ್ಲ. ಸಂಜೀತನಕ ನಾ ಅದನ್ನ ತಗದ್ ತಗದ್ ನೋಡೀನಿ."

ಆ ಜಾಗ ನನಗೆ ಚೆನ್ನಾಗಿ ನೆನಪಿದೆ. ಅವತ್ತು ಅಲ್ಲಿ ನಾನು 'ಓಕೆ' ಎಂದು ಬರೆದಿದ್ದೆ.